ತಂತಿವಾದ್ಯಕ್ಕೆ ಪಿಕಪ್: ಕೊಳ್ಳುವವರೂ ಮಾರುವವರೂ ಅರಿತಿರಬೇಕಾದ ಸಂಗತಿಗಳು

ಧಾರವಾಡ ಜಿಲ್ಲೆಯ ವ್ಯಾಪಾರವೆಂದರೆ ಹತ್ತಿ, ಮೆಣಸಿನಕಾಯಿ, ಕಡಲೆ, ಪೇಢೆ, ನವಲಗುಂದದ ಜಮಖಾನೆ, ಕಲಘಟಗಿಯ ಬಣ್ಣದ ತೊಟ್ಟಿಲು ಎಂದು ನಾವು ಸಾಮಾನ್ಯವಾಗಿ ಎಣಿಸುತ್ತೇವೆ. ಈ ಪಟ್ಟಿಯಲ್ಲಿ ಎದ್ದು ಕಾಣದಿದ್ದರೂ ನಮ್ಮ ತಾಲೂಕು ಸ್ಥಳಗಳಲ್ಲಿ ನೂರಾರು ಕುಟುಂಬಗಳ ಜೀವನಕ್ಕೆ ಆಧಾರವಾಗಿರುವ ಇನ್ನೊಂದು ವ್ಯವಹಾರವಿದೆ. ಅದು ವಾದ್ಯಗಳ ಮಾರಾಟ, ದುರಸ್ತಿ ಹಾಗೂ ಧ್ವನಿವರ್ಧಕಗಳ ಬಾಡಿಗೆ. ಜಾತ್ರೆ, ಮದುವೆ, ರಸಮಂಜರಿ, ಭಜನಾ ಸಪ್ತಾಹ, ಶಾಲೆಯ ವಾರ್ಷಿಕೋತ್ಸವ ಮುಂತಾದ ಯಾವ ಕಾರ್ಯಕ್ರಮವೂ ಈ ವರ್ಗದ ಸೇವೆಯಿಲ್ಲದೆ ನಡೆಯಲಾರದು.

ಈ ವ್ಯವಹಾರದಲ್ಲಿ ಪದೇ ಪದೇ ತಲೆದೋರುವ ಒಂದು ತಕರಾರು ಗಿಟಾರಿಗೆ ಸಂಬಂಧಿಸಿದ್ದು. ಅಂಗಡಿಯಲ್ಲಿ ನುಡಿಸಿ ನೋಡಿದಾಗ ಇಂಪಾಗಿ ಕೇಳಿಸಿದ ವಾದ್ಯ ವೇದಿಕೆಯ ಮೇಲೆ ಧ್ವನಿವರ್ಧಕಕ್ಕೆ ಜೋಡಿಸಿದೊಡನೆ ತಗಡು ಬಡಿದಂತೆ ಕೇಳಿಸುತ್ತದೆ, ಇಲ್ಲವೇ ಗುಂಯ್ಗುಡುತ್ತದೆ, ಇಲ್ಲವೇ ಸೀಟಿ ಹೊಡೆಯುತ್ತದೆ. ಗ್ರಾಹಕನು ಅಂಗಡಿಕಾರನನ್ನು ದೂರುತ್ತಾನೆ. ಅಂಗಡಿಕಾರನು ಧ್ವನಿವರ್ಧಕದವರನ್ನು ದೂರುತ್ತಾನೆ. ಅವರು ವಾದ್ಯವೇ ಸರಿಯಿಲ್ಲವೆನ್ನುತ್ತಾರೆ. ಬಹುಪಾಲು ಪ್ರಸಂಗಗಳಲ್ಲಿ ದೋಷವಿರುವುದು ಈ ಮೂವರಲ್ಲಿ ಯಾರಲ್ಲೂ ಅಲ್ಲ. ವಾದ್ಯಕ್ಕೆ ತಕ್ಕ ಪಿಕಪ್ಪನ್ನು ಆರಿಸದಿರುವುದರಲ್ಲಿ, ಅಥವಾ ಪಿಕಪ್ಪಿಗೆ ತಕ್ಕ ಜೋಡಣೆಯನ್ನು ಒದಗಿಸದಿರುವುದರಲ್ಲಿ. ಈ ವಿಷಯದ ಮೂಲ ತತ್ತ್ವಗಳನ್ನು, ವ್ಯಾಪಾರಸ್ಥರ ಹಾಗೂ ಸಣ್ಣ ಉದ್ದಿಮೆದಾರರ ಉಪಯೋಗಕ್ಕೆ ಬರುವಂತೆ, ಪ್ರಸ್ತುತ ಲೇಖನದಲ್ಲಿ ವಿವರಿಸಲಾಗಿದೆ.

ಪಿಕಪ್ ಎಂದರೇನು?

ತಂತಿಯ ಕಂಪನವನ್ನು ವಿದ್ಯುತ್ ಸಂಕೇತವನ್ನಾಗಿ ಪರಿವರ್ತಿಸುವ ಸಾಧನವೇ ಪಿಕಪ್. ಮೈಕು ಗಾಳಿಯಲ್ಲಿ ಬಂದ ಶಬ್ದವನ್ನು ಗ್ರಹಿಸುತ್ತದೆ. ಪಿಕಪ್ ವಾದ್ಯದಿಂದಲೇ ನೇರವಾಗಿ ಗ್ರಹಿಸುತ್ತದೆ. ಇದರ ಇತಿಹಾಸ ದೀರ್ಘವಾದುದಲ್ಲ. 1931ರಲ್ಲಿ ಅಮೆರಿಕೆಯ ಜಾರ್ಜ್ ಬೋಷಾಂಪ್ ಎಂಬ ವಾದಕನು ಅಯಸ್ಕಾಂತ ಹಾಗೂ ತಾಮ್ರದ ಸುರುಳಿಯಿಂದ ರೂಪಿಸಿದ ಪಿಕಪ್ಪು ಮಡಿಲ ಮೇಲಿರಿಸಿ ನುಡಿಸುವ ಹವಾಯಿ ಗಿಟಾರಿಗೆ ಅಳವಟ್ಟಿತು. ರಿಕನ್‌ಬ್ಯಾಕರ್ ಎಂಬ ಹೆಸರಿನಲ್ಲಿ ಮುಂದೆ ಪ್ರಸಿದ್ಧವಾದ ಸಂಸ್ಥೆಯು ಅದನ್ನು ಮಾರುಕಟ್ಟೆಗೆ ತಂದಿತು. ಎರಡನೆಯ ಬಗೆಯ ಪಿಕಪ್ಪಿನ ತತ್ತ್ವ ಇದಕ್ಕಿಂತಲೂ ಹಳೆಯದು. ಕೆಲವು ಸ್ಫಟಿಕಗಳನ್ನು ಒತ್ತಿದಾಗ ಅವುಗಳಲ್ಲಿ ವಿದ್ಯುತ್ತು ಹುಟ್ಟುತ್ತದೆಂಬುದನ್ನು ಫ್ರಾನ್ಸಿನ ಕ್ಯೂರಿ ಸಹೋದರರು 1880ರಲ್ಲಿಯೇ ತೋರಿಸಿಕೊಟ್ಟಿದ್ದರು. ಪೀಝೋ ಎಂದು ಕರೆಯಲ್ಪಡುವ ಈ ಗುಣವನ್ನು ಗಿಟಾರಿಗೆ ವ್ಯಾಪಕವಾಗಿ ಬಳಸಿಕೊಂಡದ್ದು 1960ರ ದಶಕದಿಂದ ಈಚೆಗೆ.

ನಮ್ಮ ದೇಶದಲ್ಲಿಯೂ ಈ ಸಾಧನ ಹೊಸತಲ್ಲ. ಮ್ಯಾಂಡೊಲಿನ್ ಯು. ಶ್ರೀನಿವಾಸ್ ಅವರು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿದ್ದು ವಿದ್ಯುತ್ ಮ್ಯಾಂಡೊಲಿನ್ನನ್ನೇ. ಹಿಂದುಸ್ತಾನಿ ಪದ್ಧತಿಯಲ್ಲಿ ಬ್ರಿಜ್ ಭೂಷಣ್ ಕಾಬ್ರಾ ಅವರು ಗಿಟಾರಿಗೆ ಶಾಸ್ತ್ರೀಯ ವೇದಿಕೆಯಲ್ಲಿ ಸ್ಥಾನ ದೊರಕಿಸಿದರು. ವಿಶ್ವಮೋಹನ ಭಟ್ಟರು ಗಿಟಾರನ್ನೇ ಮಾರ್ಪಡಿಸಿ ಮೋಹನವೀಣೆಯನ್ನು ರೂಪಿಸಿ, 1994ರಲ್ಲಿ ಗ್ರ್ಯಾಮಿ ಪ್ರಶಸ್ತಿಗೆ ಪಾತ್ರರಾದರು.

ಮೂರು ಮುಖ್ಯ ಬಗೆಗಳು

ಮಾರುಕಟ್ಟೆಯಲ್ಲಿ ಅನೇಕ ಹೆಸರುಗಳು ಕೇಳಿಬರುತ್ತವೆಯಾದರೂ ಕೆಲಸದ ದೃಷ್ಟಿಯಿಂದ ಅವೆಲ್ಲವನ್ನೂ ಮೂರು ಬಗೆಗಳಲ್ಲಿ ಅಡಕಗೊಳಿಸಬಹುದು.

ಮೊದಲನೆಯದು ಸ್ಯಾಡಲ್ಲಿನ ಕೆಳಗೆ ಕೂರಿಸುವ ಪೀಝೋ ಪಟ್ಟಿ. ಗಿಟಾರಿನ ಬ್ರಿಡ್ಜ್, ಅಂದರೆ ತಂಬೂರಿಯಲ್ಲಿ ನಾವು ಕುದುರೆ ಎನ್ನುವ ಭಾಗದ ಮೇಲೆ, ತಂತಿಗಳು ಒರಗುವ ಬಿಳಿಯ ಪಟ್ಟಿಯೇ ಸ್ಯಾಡಲ್. ಅದರ ಅಡಿಯಲ್ಲಿ ತೆಳುವಾದ ಪೀಝೋ ಪಟ್ಟಿಯನ್ನಿಟ್ಟರೆ ಆರೂ ತಂತಿಗಳ ಒತ್ತಡ ಅದರ ಮೇಲೆ ಬೀಳುತ್ತದೆ. ಕಾರ್ಖಾನೆಯಿಂದಲೇ ಪಿಕಪ್ ಸಹಿತವಾಗಿ ಬರುವ ಬಹುತೇಕ ಗಿಟಾರುಗಳಲ್ಲಿ ಇರುವುದು ಇದೇ. ಸೀಟಿ ಹೊಡೆಯುವ ಪ್ರವೃತ್ತಿ ಕಡಿಮೆ. ಗದ್ದಲದ ವೇದಿಕೆಯಲ್ಲಿಯೂ ನಿಲ್ಲುತ್ತದೆ. ಆದರೆ ಜೋರಾಗಿ ಮೀಟಿದಾಗ ಮರದ ನಾದ ಮಾಯವಾಗಿ ಗಡುಸಾದ ಚಟಪಟ ಶಬ್ದ ಮುಂದಾಗುವುದು ಇದರ ಸ್ವಭಾವದೋಷ.

ಎರಡನೆಯದು ಮೇಲ್ಹಲಗೆಯ ಒಳಮೈಗೆ ಅಂಟಿಸುವ ಪೀಝೋ ಬಿಲ್ಲೆ. ಇದು ಕೇವಲ ತಂತಿಯನ್ನಲ್ಲದೆ ಹಲಗೆಯ ಕಂಪನವನ್ನು ಗ್ರಹಿಸುವುದರಿಂದ ಮರದ ನಾದಕ್ಕೆ ಹೆಚ್ಚು ಹತ್ತಿರ. ಕೆ ಆಂಡ್ ಕೆ ಸಂಸ್ಥೆಯ ಪ್ಯೂರ್ ಮಿನಿ ಎಂಬುದು ಮೂರು ಬಿಲ್ಲೆಗಳ ಈ ಬಗೆಗೆ ಹೆಸರಾದ ಮಾದರಿ. ಇದಕ್ಕೆ ಬ್ಯಾಟರಿ ಬೇಕಿಲ್ಲ. ಹಲಗೆಯನ್ನು ಕೈಯಿಂದ ತಟ್ಟಿದರೂ ಕೇಳಿಸುತ್ತದೆ. ಸ್ಪೀಕರಿನ ಶಬ್ದ ಹಲಗೆಯನ್ನು ನಡುಗಿಸಿದರೂ ಕೇಳಿಸುತ್ತದೆ. ಆದಕಾರಣ ಡ್ರಮ್ಮು, ಕೀಬೋರ್ಡುಗಳ ನಡುವೆ ದೊಡ್ಡ ಧ್ವನಿಯಲ್ಲಿ ನುಡಿಸಬೇಕಾದಾಗ ಇದನ್ನು ನಿಭಾಯಿಸುವುದು ಕಠಿಣ.

ಮೂರನೆಯದು ನಾದರಂಧ್ರಕ್ಕೆ ಅಡ್ಡಲಾಗಿ ಕೂರಿಸುವ ಅಯಸ್ಕಾಂತದ ಪಿಕಪ್. ಉಕ್ಕಿನ ತಂತಿಯು ಅಯಸ್ಕಾಂತದ ಕ್ಷೇತ್ರದಲ್ಲಿ ಅಲುಗಿದಾಗ ಸುರುಳಿಯಲ್ಲಿ ವಿದ್ಯುತ್ತು ಹುಟ್ಟುತ್ತದೆ. ಎರಡು ತಿರುಪುಗಳನ್ನು ಬಿಗಿ ಮಾಡಿದರೆ ಅಳವಡಿಕೆ ಮುಗಿಯಿತು, ವಾದ್ಯವನ್ನು ಕೊರೆಯಲೇಬೇಕೆಂದಿಲ್ಲ. ಧ್ವನಿ ದುಂಡಗಿರುತ್ತದೆ, ಆದರೆ ವಿದ್ಯುತ್ ಗಿಟಾರಿನ ಛಾಯೆ ಬರುತ್ತದೆ. ಇದು ಉಕ್ಕಿಗೆ ಮಾತ್ರ ಸ್ಪಂದಿಸುತ್ತದೆ ಎಂಬುದನ್ನು ಮಾರುವವರು ಮರೆಯಬಾರದು. ನೈಲಾನ್ ತಂತಿಯ ಗಿಟಾರಿಗೆ ಇದನ್ನು ಮಾರಿದರೆ ಮರುದಿನವೇ ಅದು ಹಿಂದಿರುಗಿ ಬರುತ್ತದೆ. ಕಂಚು ಸುತ್ತಿದ ಗಿಟಾರ್ ತಂತಿಗಳಲ್ಲಿ ಒಳಗಿನ ಎಳೆ ಉಕ್ಕಿನದಾದ್ದರಿಂದ ಅವು ಕೆಲಸ ಮಾಡುತ್ತವೆ; ಆದರೆ ಸುತ್ತಿಲ್ಲದ ಮೇಲಿನ ಎರಡು ತಂತಿಗಳು ಹೆಚ್ಚು ಜೋರಾಗಿ ಕೇಳಿಸುತ್ತವೆ. ತಂತಿಗೊಂದರಂತೆ ಏರಿಳಿಸುವ ತಿರುಪುಗಳಿರುವ ಮಾದರಿಯನ್ನು ಕೊಂಡರೆ ಈ ಅಸಮತೆಯನ್ನು ಸರಿಪಡಿಸಬಹುದು.

ಇವಲ್ಲದೆ ಗಿಟಾರಿನ ಒಳಗೆ ಪುಟ್ಟ ಮೈಕನ್ನಿಟ್ಟು, ಪೀಝೋ ಅಥವಾ ಅಯಸ್ಕಾಂತದೊಡನೆ ಬೆರೆಸುವ ಮಿಶ್ರ ಪದ್ಧತಿಯೂ ಇದೆ. ಎಲ್. ಆರ್. ಬ್ಯಾಗ್ಸ್, ಫಿಶ್‌ಮನ್ ಮೊದಲಾದ ಅಮೆರಿಕೆಯ ಸಂಸ್ಥೆಗಳು ಇಂಥವನ್ನು ತಯಾರಿಸುತ್ತವೆ. ಧ್ವನಿಮುದ್ರಣಕ್ಕೂ ಶಾಂತವಾದ ಸಭಾಭವನಕ್ಕೂ ಇವು ಶ್ರೇಷ್ಠ. ಜಾತ್ರೆಯ ಬಯಲಿನಲ್ಲಿ ಒಳಗಿನ ಮೈಕನ್ನು ಸಂಪೂರ್ಣ ತಗ್ಗಿಸಬೇಕಾಗುವುದರಿಂದ ಅದಕ್ಕೆ ತೆತ್ತ ಹಣ ಬಹುಮಟ್ಟಿಗೆ ವ್ಯರ್ಥವಾಗುತ್ತದೆ.

ದೋಷದ ಮೂಲ: ಜೋಡಣೆಯ ಲೆಕ್ಕ

ಪಿಕಪ್ ಎಷ್ಟೇ ಬೆಲೆಯದಾಗಿರಲಿ, ಅದನ್ನು ಯಾವುದಕ್ಕೆ ಜೋಡಿಸಲಾಗುತ್ತದೆ ಎಂಬುದರ ಮೇಲೆ ಅದರ ಧ್ವನಿ ನಿಂತಿದೆ. ಈ ಒಂದು ಅಂಶವನ್ನು ಅರಿತರೆ ಅರ್ಧಕ್ಕಿಂತ ಹೆಚ್ಚು ತಕರಾರುಗಳು ತಾವಾಗಿಯೇ ಬಗೆಹರಿಯುತ್ತವೆ. ಆದುದರಿಂದ ಇದನ್ನು ತುಸು ವಿಸ್ತಾರವಾಗಿ ನೋಡೋಣ.

ಪೀಝೋ ಪಿಕಪ್ಪು ವಿದ್ಯುತ್ತಿನ ದೃಷ್ಟಿಯಿಂದ ಒಂದು ಕೆಪಾಸಿಟರಿನಂತೆ ವರ್ತಿಸುತ್ತದೆ. ಅದನ್ನು ಜೋಡಿಸುವ ಮಿಕ್ಸರ್ ಅಥವಾ ಆಂಪ್ಲಿಫಯರಿನ ಇನ್‌ಪುಟ್ಟಿಗೆ ಒಂದು ಪ್ರತಿರೋಧವಿರುತ್ತದೆ. ಕೆಪಾಸಿಟರ್ ಹಾಗೂ ಪ್ರತಿರೋಧ ಕೂಡಿದಾಗ ಒಂದು ಮಿತಿಗಿಂತ ಕೆಳಗಿನ ಸ್ವರಗಳು ಸೋರಿಹೋಗುತ್ತವೆ. ಆ ಮಿತಿಯನ್ನು ಕಂಡುಹಿಡಿಯಲು ಸರಳ ಸೂತ್ರವಿದೆ. ಪಿಕಪ್ಪಿನ ಕೆಪಾಸಿಟನ್ಸನ್ನು ನ್ಯಾನೋಫ್ಯಾರಡ್‌ನಲ್ಲಿಯೂ ಇನ್‌ಪುಟ್ ಪ್ರತಿರೋಧವನ್ನು ಮೆಗಾಓಮ್‌ನಲ್ಲಿಯೂ ಬರೆದುಕೊಂಡು, ಎರಡನ್ನೂ ಗುಣಿಸಿ, ಬಂದ ಗುಣಲಬ್ಧದಿಂದ 159ನ್ನು ಭಾಗಿಸಬೇಕು. ಬರುವ ಉತ್ತರವೇ ಆ ಮಿತಿ, ಹರ್ಟ್ಸ್‌ಗಳಲ್ಲಿ.

ಸ್ಯಾಡಲ್ಲಿನ ಕೆಳಗಿನ ಪೀಝೋ ಪಟ್ಟಿಯೊಂದರ ಕೆಪಾಸಿಟನ್ಸ್ 1 ನ್ಯಾನೋಫ್ಯಾರಡ್ ಎಂದಿಟ್ಟುಕೊಳ್ಳೋಣ. ಸಾಮಾನ್ಯ ಮಿಕ್ಸರಿನ ಲೈನ್ ಇನ್‌ಪುಟ್ ಪ್ರತಿರೋಧ 20 ಕಿಲೋಓಮ್, ಅಂದರೆ 0.02 ಮೆಗಾಓಮ್. 159ನ್ನು 0.02ರಿಂದ ಭಾಗಿಸಿದರೆ ಸುಮಾರು 8,000 ಹರ್ಟ್ಸ್ ಬರುತ್ತದೆ. ಗಿಟಾರಿನ ಅತಿ ಕೆಳಗಿನ ತಂತಿಯ ಸ್ವರ 82 ಹರ್ಟ್ಸ್. ಅತಿ ಮೇಲಿನ ತಂತಿಯನ್ನು ಬಿಟ್ಟು ಮೀಟಿದರೆ 330 ಹರ್ಟ್ಸ್. ಇವೆಲ್ಲವೂ ಮಿತಿಗಿಂತ ಎಷ್ಟೋ ಕೆಳಗಿರುವುದರಿಂದ, ಕೆಳತಂತಿಯ ಮೂಲಸ್ವರದಲ್ಲಿ ನೂರರಲ್ಲಿ ಒಂದು ಪಾಲು ಮಾತ್ರ ಉಳಿಯುತ್ತದೆ. ಕೇಳಿಸುವುದು ಮೀಟಿದ ಸದ್ದು ಮಾತ್ರ. ತಗಡಿನ ಶಬ್ದವೆಂದು ಗ್ರಾಹಕನು ದೂರುವುದು ಇದನ್ನೇ.

ಅದೇ ಪಟ್ಟಿಯನ್ನು 1 ಮೆಗಾಓಮ್ ಇನ್‌ಪುಟ್ಟಿಗೆ ಜೋಡಿಸಿದರೆ ಮಿತಿಯು 159 ಹರ್ಟ್ಸ್‌ಗೆ ಇಳಿಯುತ್ತದೆ. ಧ್ವನಿ ಬಹಳ ಸುಧಾರಿಸುತ್ತದಾದರೂ ಕೆಳತಂತಿ ಇನ್ನೂ ಸೊರಗಿರುತ್ತದೆ. 10 ಮೆಗಾಓಮ್‌ಗೆ ಜೋಡಿಸಿದರೆ 16 ಹರ್ಟ್ಸ್. ಆಗ ಯಾವ ಸ್ವರವೂ ಸೋರುವುದಿಲ್ಲ. ಈ ಕಾರಣಕ್ಕಾಗಿಯೇ ಪೀಝೋ ಪಿಕಪ್ಪಿನೊಡನೆ ಪ್ರಿಆಂಪ್ ಎಂಬ ಪುಟ್ಟ ವರ್ಧಕ ಅವಶ್ಯ. ಪಿಕಪ್ಪಿಗೆ ತನ್ನ ಹೆಚ್ಚಿನ ಪ್ರತಿರೋಧವನ್ನು ಒಡ್ಡಿ, ಮಿಕ್ಸರಿಗೆ ಬೇಕಾದ ಬಲವನ್ನು ಒದಗಿಸುವುದು ಅದರ ಕೆಲಸ.

ಗಡಿಯಾರ, ಬಜರ್ ಮೊದಲಾದವುಗಳಲ್ಲಿ ಬಳಸುವ ಹಿತ್ತಾಳೆಯ ಪೀಝೋ ಬಿಲ್ಲೆ ಎಲೆಕ್ಟ್ರಾನಿಕ್ ಬಿಡಿಭಾಗಗಳ ಅಂಗಡಿಯಲ್ಲಿ ಅತಿ ಅಗ್ಗವಾಗಿ ದೊರೆಯುತ್ತದೆ. 27 ಮಿಲಿಮೀಟರ್ ಅಗಲದ ಬಿಲ್ಲೆಯ ಕೆಪಾಸಿಟನ್ಸ್ ಸುಮಾರು 20 ನ್ಯಾನೋಫ್ಯಾರಡ್. ಮೇಲಿನ ಲೆಕ್ಕವನ್ನೇ ಇದಕ್ಕೆ ಅನ್ವಯಿಸಿದರೆ, 20 ಕಿಲೋಓಮ್ ಲೈನ್ ಇನ್‌ಪುಟ್ಟಿನಲ್ಲಿ ಮಿತಿ ಸುಮಾರು 400 ಹರ್ಟ್ಸ್. 1 ಮೆಗಾಓಮ್‌ನಲ್ಲಿ ಕೇವಲ 8 ಹರ್ಟ್ಸ್. ಅಂದರೆ ದುಬಾರಿ ಪಟ್ಟಿಯೊಂದು ತಪ್ಪು ಜೋಡಣೆಯಲ್ಲಿ ಸೋಲುವಲ್ಲಿ, ಅಗ್ಗದ ಬಿಲ್ಲೆಯೊಂದು ಸರಿಯಾದ ಜೋಡಣೆಯಲ್ಲಿ ಗೆಲ್ಲಬಲ್ಲದು. ಬೆಲೆಯೊಂದನ್ನೇ ನೋಡಿ ಪಿಕಪ್ ಕೊಳ್ಳಬಾರದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

ಕೇಬಲ್ಲಿನ ಉದ್ದವೂ ಲೆಕ್ಕಕ್ಕೆ ಬರುತ್ತದೆ. ಸಾಮಾನ್ಯ ಗಿಟಾರ್ ಕೇಬಲ್ಲಿಗೆ ಮೀಟರೊಂದಕ್ಕೆ ಸುಮಾರು 100 ಪಿಕೋಫ್ಯಾರಡ್ ಕೆಪಾಸಿಟನ್ಸ್ ಇರುತ್ತದೆ. ಹತ್ತು ಮೀಟರ್ ಕೇಬಲ್ ಎಂದರೆ 1 ನ್ಯಾನೋಫ್ಯಾರಡ್, ಪೀಝೋ ಪಟ್ಟಿಯಷ್ಟೇ. ಆಗ ಸಂಕೇತದ ಬಲ ಅರ್ಧಕ್ಕೆ ಇಳಿಯುತ್ತದೆ. ಆದ್ದರಿಂದ ಪ್ರಿಆಂಪ್ ವಾದ್ಯದ ಒಳಗೆ ಅಥವಾ ವಾದಕನ ಸೊಂಟದ ಬಳಿ ಇರಬೇಕೇ ಹೊರತು, ಹತ್ತು ಮೀಟರ್ ಆಚೆ ಮಿಕ್ಸರಿನ ಪಕ್ಕದಲ್ಲಲ್ಲ. ಪ್ರಿಆಂಪಿನಿಂದ ಮುಂದಕ್ಕೆ ವೇದಿಕೆಯಿಂದ ದೂರದ ಮಿಕ್ಸರಿಗೆ ಒಯ್ಯಲು ಡಿ.ಐ. ಬಾಕ್ಸ್ ಮೂಲಕ ಮೈಕಿನ ಮೂರು ಪಿನ್ನಿನ ಕೇಬಲ್ಲನ್ನು ಬಳಸುವುದು ಕ್ಷೇಮ.

ನಮ್ಮ ವೇದಿಕೆಗಳ ವಿಶೇಷ ಸಮಸ್ಯೆಗಳು

ಪಿಕಪ್ ತಯಾರಕರ ಕೈಪಿಡಿಗಳು ಬರೆಯಲ್ಪಟ್ಟಿರುವುದು ಅನ್ಯ ದೇಶಗಳ ಸಭಾಭವನಗಳನ್ನು ಕಣ್ಣ ಮುಂದಿಟ್ಟುಕೊಂಡು. ಅಣ್ಣಿಗೇರಿಯ ಜಾತ್ರೆಯ ಬಯಲಿಗೂ ಕಲಘಟಗಿಯ ಮದುವೆಯ ಚಪ್ಪರಕ್ಕೂ ಅವುಗಳನ್ನು ಹಾಗೆಯೇ ಅನ್ವಯಿಸಲಾಗದು.

ಮೊದಲನೆಯ ಸಮಸ್ಯೆ ಸೀಟಿ. ಗಿಟಾರಿನ ಒಡಲಿನೊಳಗಿನ ಗಾಳಿ ಸುಮಾರು 100 ಹರ್ಟ್ಸ್ ಹತ್ತಿರದಲ್ಲಿಯೂ, ಮೇಲ್ಹಲಗೆ 200 ಹರ್ಟ್ಸ್ ಆಸುಪಾಸಿನಲ್ಲಿಯೂ ತಾನಾಗಿ ಅನುರಣಿಸುತ್ತದೆ. ನಮ್ಮ ಕಡೆ ಸ್ಪೀಕರುಗಳನ್ನು ವೇದಿಕೆಯ ಎರಡೂ ಬದಿಗೆ, ವಾದಕರ ಬೆನ್ನ ಹಿಂದೆಯೇ ಪೇರಿಸುವುದು ರೂಢಿ. ಆ ಕೆಳಸ್ವರದ ಅಲೆಗಳು ವಾದ್ಯವನ್ನು ನಡುಗಿಸಿ ಗುಂಯ್ಗುಡುವಿಕೆ ಆರಂಭವಾಗುತ್ತದೆ. ಸ್ಪೀಕರುಗಳನ್ನು ವಾದಕರಿಗಿಂತ ಮುಂದೆ ಇಡುವುದು ಮೊದಲ ಪರಿಹಾರ, ಇದಕ್ಕೆ ಖರ್ಚಿಲ್ಲ. ನಾದರಂಧ್ರಕ್ಕೆ ರಬ್ಬರ್ ಮುಚ್ಚಳ ಹಾಕುವುದು ಎರಡನೆಯದು, ಅಲ್ಪ ಖರ್ಚಿನದು. ಪ್ರಿಆಂಪಿನಲ್ಲಿರುವ ಫೇಸ್ ಗುಂಡಿಯನ್ನು ಒತ್ತಿನೋಡುವುದು ಮೂರನೆಯದು. ಕಿರಿದಾದ ಒಂದು ಸ್ವರಪಟ್ಟಿಯನ್ನಷ್ಟೇ ತಗ್ಗಿಸುವ ನಾಚ್ ಗುಂಡಿ ಇದ್ದಲ್ಲಿ ಅದು ನಾಲ್ಕನೆಯದು. ಇಷ್ಟನ್ನೂ ಮಾಡಿದ ಮೇಲೆಯೇ ಹೊಸ ಪಿಕಪ್ಪಿನ ವಿಚಾರ ಮಾಡಬೇಕು.

ಎರಡನೆಯದು ವಿದ್ಯುತ್ತು. ಅಯಸ್ಕಾಂತದ ಪಿಕಪ್ಪು, ಅದರಲ್ಲಿಯೂ ಒಂದೇ ಸುರುಳಿಯದು, ಹತ್ತಿರದ ಟ್ರಾನ್ಸ್‌ಫಾರ್ಮರ್, ದೀಪಾಲಂಕಾರದ ತಂತಿಗಳು, ಡಿಮ್ಮರುಗಳು ಇವುಗಳಿಂದ 50 ಹರ್ಟ್ಸ್ ಗುಂಯ್ಕಾರವನ್ನು ಹೀರಿಕೊಳ್ಳುತ್ತದೆ. ಎರಡು ಸುರುಳಿಗಳನ್ನು ವಿರುದ್ಧವಾಗಿ ಜೋಡಿಸಿದ ಹಂಬಕರ್ ಮಾದರಿಯಲ್ಲಿ ಈ ಗುಂಯ್ಕಾರ ಪರಸ್ಪರ ಅಳಿದುಹೋಗುತ್ತದೆ. ದೀಪಾಲಂಕಾರವಿಲ್ಲದ ಜಾತ್ರೆ ನಮ್ಮಲ್ಲಿಲ್ಲವಾದ್ದರಿಂದ, ಈ ಬಗೆಯನ್ನು ಆರಿಸುವವರು ಹಂಬಕರ್ ಮಾದರಿಗೇ ಆದ್ಯತೆ ಕೊಡುವುದು ಲೇಸು.

ಮೂರನೆಯದು ಹವೆ. ಕಲಘಟಗಿಯು ಮಲೆನಾಡಿನ ಸೆರಗಿನಲ್ಲಿದೆ. ಮಳೆಗಾಲದಲ್ಲಿ ಅಲ್ಲಿಯ ತೇವಕ್ಕೆ ಮರ ಉಬ್ಬುತ್ತದೆ. ನವಲಗುಂದ, ಅಣ್ಣಿಗೇರಿಗಳ ಬೇಸಿಗೆಯ ಒಣಹವೆಗೆ ಮರ ಕುಗ್ಗುತ್ತದೆ. ಅಖಂಡ ಮರದ ಹಲಗೆಯುಳ್ಳ ಗಿಟಾರಿನಲ್ಲಿ ಈ ಏರಿಳಿತದಿಂದ ಸ್ಯಾಡಲ್ಲಿನ ಒತ್ತಡ ವ್ಯತ್ಯಾಸವಾಗಿ, ಒಂದು ತಂತಿ ಜೋರಾಗಿ ಇನ್ನೊಂದು ಮೆಲ್ಲಗೆ ಕೇಳಿಸತೊಡಗಬಹುದು. ಗ್ರಾಹಕನು ಪಿಕಪ್ ಕೆಟ್ಟಿತೆಂದು ತರುತ್ತಾನೆ. ಸ್ಯಾಡಲ್ಲನ್ನು ತೆಗೆದು, ತಳವನ್ನು ಸಮತಟ್ಟಾಗಿ ಉಜ್ಜಿ, ಕೂರಿಸಿದರೆ ಅನೇಕ ವೇಳೆ ಸರಿಹೋಗುತ್ತದೆ. ಪದರಗಳನ್ನು ಒತ್ತಿ ಮಾಡಿದ ಹಲಗೆಯ ಅಗ್ಗದ ಗಿಟಾರುಗಳಲ್ಲಿ ಈ ತೊಂದರೆ ಕಡಿಮೆ.

ಜೀವರಕ್ಷಣೆಯ ಪ್ರಶ್ನೆ

ಇಲ್ಲಿ ಒಂದು ಗಂಭೀರ ವಿಷಯವನ್ನು ಪ್ರತ್ಯೇಕವಾಗಿ ಹೇಳಬೇಕಾಗಿದೆ. ಅಯಸ್ಕಾಂತದ ಪಿಕಪ್ಪುಳ್ಳ ವಾದ್ಯಗಳಲ್ಲಿ ಅನೇಕ ವೇಳೆ ತಂತಿಗಳನ್ನು ಕೇಬಲ್ಲಿನ ಭೂಸಂಪರ್ಕಕ್ಕೆ ಜೋಡಿಸಿರುತ್ತಾರೆ. ಆಂಪ್ಲಿಫಯರಿನ ಅರ್ಥಿಂಗ್ ಸರಿಯಿಲ್ಲದೆ ಅದರ ಒಡಲಿಗೆ ವಿದ್ಯುತ್ತು ಹರಿದರೆ, ಆ ವಿದ್ಯುತ್ತು ಕೇಬಲ್ಲಿನ ಮೂಲಕ ನೇರವಾಗಿ ತಂತಿಗೆ ಬರುತ್ತದೆ. ವಾದಕನ ಕೈ ತಂತಿಯ ಮೇಲಿದ್ದು ತುಟಿಯು ಬೇರೊಂದು ಆಂಪ್ಲಿಫಯರಿಗೆ ಸೇರಿದ ಮೈಕಿಗೆ ತಾಗಿದರೆ, ಆಘಾತವು ಎದೆಯ ಮೂಲಕ ಹಾಯುತ್ತದೆ. ಇಂಥ ಅಪಘಾತಗಳಲ್ಲಿ ಜಗತ್ತಿನ ಅನೇಕ ಕಡೆ ವಾದಕರು ವೇದಿಕೆಯಲ್ಲಿಯೇ ಪ್ರಾಣ ಕಳೆದುಕೊಂಡಿದ್ದಾರೆ.

ಗುಂಯ್ಕಾರ ತಪ್ಪಿಸಲೆಂದು ಪ್ಲಗ್ಗಿನ ಅರ್ಥ್ ಪಿನ್ನನ್ನು ಕತ್ತರಿಸುವ ಅಥವಾ ಬಿಚ್ಚಿಡುವ ಅಭ್ಯಾಸ ಕೆಲವೆಡೆ ಇದೆ. ಇದನ್ನು ಯಾವ ಕಾರಣಕ್ಕೂ ಮಾಡಕೂಡದು. ಗುಂಯ್ಕಾರಕ್ಕೆ ಪರಿಹಾರ ಡಿ.ಐ. ಬಾಕ್ಸಿನಲ್ಲಿರುವ ಗ್ರೌಂಡ್ ಲಿಫ್ಟ್ ಗುಂಡಿ. ಅದು ಸಂಕೇತದ ಭೂಸಂಪರ್ಕವನ್ನು ಮಾತ್ರ ಬಿಡಿಸುತ್ತದೆ, ರಕ್ಷಣೆಯ ಅರ್ಥಿಂಗನ್ನಲ್ಲ. ವೇದಿಕೆಯ ಎಲ್ಲ ಆಂಪ್ಲಿಫಯರು ಹಾಗೂ ಮಿಕ್ಸರುಗಳಿಗೆ ಒಂದೇ ಹಲಗೆಯಿಂದ ವಿದ್ಯುತ್ ಕೊಡಬೇಕು. ಆ ಹಲಗೆಗೆ 30 ಮಿಲಿಆಂಪಿಯರಿನ ಸೋರಿಕೆ ತಡೆಯುವ ಆರ್‌ಸಿಸಿಬಿ ಇರಬೇಕು.

ಎರೆಭೂಮಿಯ ಊರುಗಳಲ್ಲಿ ಇನ್ನೊಂದು ಎಚ್ಚರ ಅಗತ್ಯ. ಮಳೆಗಾಲದಲ್ಲಿ ಎರೆಮಣ್ಣು ತೇವ ಹಿಡಿದು ಒಳ್ಳೆಯ ಭೂಸಂಪರ್ಕ ಒದಗಿಸುತ್ತದೆ. ಬೇಸಿಗೆಯಲ್ಲಿ ಅದೇ ನೆಲ ಬಿರುಕು ಬಿಟ್ಟು, ನೆಟ್ಟ ಸಲಾಕೆಗೂ ಮಣ್ಣಿಗೂ ನಡುವೆ ಸಂದು ಬೀಳುತ್ತದೆ. ನಮ್ಮ ಜಾತ್ರೆ, ಮದುವೆಗಳು ಹೆಚ್ಚಾಗಿ ನಡೆಯುವುದು ಬೇಸಿಗೆಯಲ್ಲಿಯೇ. ಸಲಾಕೆಯನ್ನು ಆಳಕ್ಕೆ ನೆಟ್ಟು, ಸುತ್ತಲಿನ ಮಣ್ಣನ್ನು ನೀರಿನಿಂದ ನೆನೆಸಿ, ಬಿರುಕುಗಳನ್ನು ತುಂಬಬೇಕು. ಜನರೇಟರ್ ಬಳಸುವಾಗ ಅದರ ನ್ಯೂಟ್ರಲ್ಲನ್ನು ಭೂಮಿಗೆ ಕ್ರಮಬದ್ಧವಾಗಿ ಜೋಡಿಸದಿದ್ದರೆ ಆರ್‌ಸಿಸಿಬಿ ಇದ್ದೂ ಪ್ರಯೋಜನವಾಗದೆ ಹೋಗಬಹುದು. ಈ ಕೆಲಸವನ್ನು ಪರವಾನಗಿ ಪಡೆದ ವಿದ್ಯುತ್ ಕೆಲಸಗಾರರಿಂದಲೇ ಮಾಡಿಸಬೇಕು. ಬಾಡಿಗೆಯ ದರದಲ್ಲಿ ಇದಕ್ಕೆಂದು ಪ್ರತ್ಯೇಕ ಮೊತ್ತ ಸೇರಿಸಿದರೆ ಗ್ರಾಹಕರು ಬೇಸರಿಸಲಾರರು.

ಸಿತಾರ, ತಂಬೂರಿಗಳ ವಿಚಾರ

ನಮ್ಮ ಜಿಲ್ಲೆಯಲ್ಲಿ ಪಿಕಪ್ಪಿನ ಮಾತು ಗಿಟಾರಿಗೆ ಮುಗಿಯುವಂತಿಲ್ಲ. ಕುಂದಗೋಳವು ಕಿರಾಣಾ ಘರಾಣೆಯ ಸವಾಯಿ ಗಂಧರ್ವರ ಊರು. 1952ರಲ್ಲಿ ನಿಧನರಾದ ಈ ಮಹನೀಯರ ಶಿಷ್ಯರಾದ ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ ಅವರ ಕೀರ್ತಿ ಲೋಕವಿದಿತ. ಗುರುವಿನ ಸ್ಮರಣಾರ್ಥ ಕುಂದಗೋಳದ ನಾಡಿಗೇರ ವಾಡೆಯಲ್ಲಿ ಸಂಗೀತೋತ್ಸವ ನಡೆದುಬಂದಿದೆ. ಧಾರವಾಡದಲ್ಲಿ ನೆಲೆಸಿದ ರಹಿಮತ್ ಖಾನರಿಂದ ಮೊದಲಾದ ಸಿತಾರ ಪರಂಪರೆಯನ್ನು ಅವರ ಮೊಮ್ಮಗ, 2007ರಲ್ಲಿ ಅಗಲಿದ ಬಾಲೇಖಾನರವರೆಗೂ ಈ ಭಾಗದ ಜನ ಕೇಳಿ ಬೆಳೆದಿದ್ದಾರೆ. ಇಲ್ಲಿಯ ಕಲಾವಿದರಿಗೆ ತಂಬೂರಿ, ಸಿತಾರಗಳನ್ನು ಒದಗಿಸುವ ಮೀರಜ್ ಹೆಚ್ಚು ದೂರದ್ದೇನಲ್ಲ. ಅಲ್ಲಿಯ ಸಿತಾರ ಹಾಗೂ ತಂಬೂರಿಗಳಿಗೆ 2024ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಿದೆ.

ಇಂಥ ವಾದ್ಯಗಳಿಗೆ ಪಿಕಪ್ ಕೇಳಿ ಬರುವ ಗ್ರಾಹಕರಿಗೆ ಮೂರು ಮಾತುಗಳನ್ನು ಸ್ಪಷ್ಟವಾಗಿ ಹೇಳಬೇಕು. ಒಂದು, ಅಯಸ್ಕಾಂತದ ಪಿಕಪ್ಪು ಇವಕ್ಕೆ ಹೊಂದದು. ತಂಬೂರಿಯ ಖರಜದ ತಂತಿ ಹಿತ್ತಾಳೆ ಅಥವಾ ಕಂಚಿನದು. ಅಯಸ್ಕಾಂತ ಅದನ್ನು ಗುರುತಿಸುವುದೇ ಇಲ್ಲ. ಸಿತಾರಿನ ಕೆಳಸ್ವರದ ತಂತಿಗಳದೂ ಇದೇ ಕಥೆ. ಖರಜವಿಲ್ಲದ ತಂಬೂರಿಯಿಂದ ಯಾವ ಗಾಯಕನಿಗೂ ಉಪಯೋಗವಿಲ್ಲ. ಎರಡು, ಕುದುರೆಯನ್ನು ಕೊರೆದು ಪೀಝೋ ಪಟ್ಟಿ ಕೂರಿಸುವ ಸಾಹಸಕ್ಕೆ ಎಂದೂ ಕೈಹಾಕಬಾರದು. ತಂಬೂರಿ, ಸಿತಾರಗಳ ನಾದದ ಜೀವ ಇರುವುದು ಕುದುರೆಯ ಮೇಲ್ಮೈಯ ಜವಾರಿಯಲ್ಲಿ. ಅದು ಕೆಟ್ಟರೆ ನುರಿತ ಕುಶಲಕರ್ಮಿಯೇ ಮತ್ತೆ ಸರಿಪಡಿಸಬೇಕು. ಮೂರು, ಬಿಲ್ಲೆಯ ಪಿಕಪ್ಪನ್ನು ಕುದುರೆಯ ಸಮೀಪ ತಬಲಿಯ ಮೇಲೆ, ಕಿತ್ತರೆ ಕಲೆಯುಳಿಯದ ಅಂಟಿನಿಂದ ತಾತ್ಕಾಲಿಕವಾಗಿ ಕೂರಿಸಬೇಕು. ಅರ್ಧ ಅಂಗುಲ ಸರಿಸಿದರೂ ಧ್ವನಿ ಬದಲಾಗುವುದರಿಂದ ನಾಲ್ಕಾರು ಸ್ಥಳಗಳಲ್ಲಿಟ್ಟು ಕೇಳಿ ನಿರ್ಧರಿಸಬೇಕು. ವಾಡೆಯಂಥ ಚಿಕ್ಕ ಸ್ಥಳದಲ್ಲಿ ಒಂದು ಒಳ್ಳೆಯ ಮೈಕೇ ಸಾಕು. ಅಲ್ಲಿ ಪಿಕಪ್ ಮಾರಲು ಹೋಗದಿರುವುದೇ ಉತ್ತಮ ವ್ಯಾಪಾರ. ಏಕತಾರಿ ಹಿಡಿದು ತತ್ತ್ವಪದ ಹಾಡುವ ಭಜನಾ ಮಂಡಳಿಗೆ ಮಾತ್ರ ಇಂಥ ಬಿಲ್ಲೆ ನಿಜವಾದ ವರದಾನ. ಹಾರ್ಮೋನಿಯಂ, ತಾಳಗಳ ನಡುವೆ ಏಕತಾರಿಯ ದನಿ ಮೈಕಿಗೆ ಎಟಕುವುದೇ ಕಷ್ಟ.

ಯಾರಿಗೆ ಯಾವುದು?

ಗ್ರಾಹಕರ ಅಗತ್ಯಕ್ಕನುಗುಣವಾಗಿ ಆಯ್ಕೆಯನ್ನು ಹೀಗೆ ಸಂಕ್ಷೇಪಿಸಬಹುದು.

ರಸಮಂಜರಿ ತಂಡದ ವಾದಕನಿಗೆ ಸ್ಯಾಡಲ್ ಕೆಳಗಿನ ಪೀಝೋ ಹಾಗೂ ಬ್ಯಾಟರಿಯ ಪ್ರಿಆಂಪ್, ಅಥವಾ ಹಂಬಕರ್ ಮಾದರಿಯ ಅಯಸ್ಕಾಂತ ಪಿಕಪ್. ದೊಡ್ಡ ಧ್ವನಿಯನ್ನು ತಾಳಿಕೊಳ್ಳುವುದೇ ಇಲ್ಲಿ ಮುಖ್ಯ.

ಭಾವಗೀತೆ, ಸುಗಮ ಸಂಗೀತಕ್ಕೆ ಜೊತೆ ನೀಡುವವನಿಗೆ ಹಲಗೆಗೆ ಅಂಟಿಸುವ ಬಿಲ್ಲೆಗಳು ಮತ್ತು ಹೊರಗಿನ ಪ್ರಿಆಂಪ್. ಧ್ವನಿಯ ಮಾಧುರ್ಯ ಇಲ್ಲಿ ಮುಖ್ಯ.

ಕಲಿಯುವ ವಿದ್ಯಾರ್ಥಿಗೆ ಪಿಕಪ್ಪೇ ಬೇಡ. ಆ ಹಣವನ್ನು ಒಳ್ಳೆಯ ಗಿಟಾರಿಗೆ ಹಾಕಲಿ. ಒಮ್ಮೊಮ್ಮೆ ಶಾಲೆಯ ವೇದಿಕೆಗೆ ಬೇಕಾದರೆ ನಾದರಂಧ್ರಕ್ಕೆ ಸಿಕ್ಕಿಸುವ ಪಿಕಪ್ಪನ್ನು ಬಾಡಿಗೆಗೆ ಕೊಡಬಹುದು.

ನೈಲಾನ್ ತಂತಿಯ ವಾದ್ಯಕ್ಕೆ ಪೀಝೋ ಮಾತ್ರ.

ಅಂಗಡಿಯಲ್ಲಿ ಪರೀಕ್ಷೆ ಮತ್ತು ಬಿಲ್ಲು

ಮಾರುವ ಮುನ್ನ ಪಿಕಪ್ಪನ್ನು ಪರೀಕ್ಷಿಸಲು ದೊಡ್ಡ ಉಪಕರಣ ಬೇಕಿಲ್ಲ. ಕೆಪಾಸಿಟನ್ಸ್ ಅಳೆಯುವ ಸಾಮಾನ್ಯ ಮಲ್ಟಿಮೀಟರಿನಿಂದ ಪೀಝೋವನ್ನು ಅಳೆದರೆ ಸ್ಥಿರವಾದ ಅಂಕಿ ಬರಬೇಕು. ಒಳಗಿನ ತಂತಿ ಹರಿದಿದ್ದರೆ ಸೊನ್ನೆಯ ಹತ್ತಿರ ತೋರಿಸುತ್ತದೆ. ಅಯಸ್ಕಾಂತದ ಪಿಕಪ್ಪಿನ ಸುರುಳಿಯು ಸಾಮಾನ್ಯವಾಗಿ ಕೆಲವು ಕಿಲೋಓಮ್ ಪ್ರತಿರೋಧ ತೋರಿಸಬೇಕು. ಅನಂತ ತೋರಿಸಿದರೆ ಸುರುಳಿ ತುಂಡಾಗಿದೆ. ಅಳೆದ ಅಂಕಿಯನ್ನು ಬಿಲ್ಲಿನ ಹಿಂದೆ ಬರೆದುಕೊಟ್ಟರೆ, ಆರು ತಿಂಗಳ ನಂತರ ಗ್ರಾಹಕನು ದೂರು ತಂದಾಗ ಹೋಲಿಸಿ ನೋಡಲು ಆಧಾರವಿರುತ್ತದೆ.

9 ವೋಲ್ಟಿನ ಬ್ಯಾಟರಿಯುಳ್ಳ ಮಾದರಿಗಳಲ್ಲಿ ಕೇಬಲ್ ಚುಚ್ಚಿದೊಡನೆ ಪ್ರಿಆಂಪ್ ಚಾಲೂ ಆಗುವ ವ್ಯವಸ್ಥೆಯಿರುತ್ತದೆ. ಕೇಬಲ್ಲನ್ನು ಹಾಗೆಯೇ ಬಿಟ್ಟರೆ ಬ್ಯಾಟರಿ ಖಾಲಿಯಾಗುತ್ತದೆ, ಧ್ವನಿ ಒಡೆಯತೊಡಗುತ್ತದೆ. ನುಡಿಸಿಯಾದ ಮೇಲೆ ಕೇಬಲ್ ತೆಗೆಯಬೇಕೆಂಬ ಒಂದು ಮಾತನ್ನು ಗ್ರಾಹಕನಿಗೆ ಹೇಳಿಕಳುಹಿಸಿದರೆ ಎಷ್ಟೋ ಅನಾವಶ್ಯಕ ದೂರುಗಳು ತಪ್ಪುತ್ತವೆ.

ಬಿಲ್ಲಿನಲ್ಲಿ ವಾದ್ಯ, ಪಿಕಪ್, ಆಂಪ್ಲಿಫಯರ್, ಅಳವಡಿಕೆಯ ಕೂಲಿ ಇವನ್ನು ಪ್ರತ್ಯೇಕವಾಗಿ ನಮೂದಿಸುವುದು ಒಳ್ಳೆಯದು. ಸಂಗೀತವಾದ್ಯಗಳೂ ಅವುಗಳ ಭಾಗಗಳೂ ಸರಕು ಸಂಕೇತದ 92ನೆಯ ಅಧ್ಯಾಯದಲ್ಲಿ ಬರುತ್ತವೆ. ಮೈಕು, ಸ್ಪೀಕರು, ಆಂಪ್ಲಿಫಯರುಗಳು 8518ರಲ್ಲಿ ಬರುತ್ತವೆ. ಎಲ್ಲವನ್ನೂ ಒಂದೇ ಸಾಲಿನಲ್ಲಿ ಬರೆದರೆ ತೆರಿಗೆಯ ಲೆಕ್ಕದಲ್ಲಿಯೂ ಖಾತರಿಯ ವ್ಯವಹಾರದಲ್ಲಿಯೂ ಗೊಂದಲವಾಗುತ್ತದೆ. ಗಿಟಾರಿಗೆ ರಂಧ್ರ ಕೊರೆಯುವ ಮುನ್ನ ಗ್ರಾಹಕನ ಲಿಖಿತ ಒಪ್ಪಿಗೆ ಪಡೆಯುವುದು ಕ್ಷೇಮ. ಕೊರೆದ ವಾದ್ಯಕ್ಕೆ ತಯಾರಕರ ಖಾತರಿ ಉಳಿಯದೆ ಹೋಗಬಹುದು.

ಸಣ್ಣ ಉದ್ದಿಮೆದಾರರಿಗೆ ಅವಕಾಶ

ಪಟ್ಟಿಯ ಮಾದರಿಯ ಪೀಝೋ ತಯಾರಿಕೆ ನಮ್ಮ ಸಣ್ಣ ಘಟಕಗಳಿಗೆ ಎಟಕುವಂಥದಲ್ಲ. ಆದರೆ ಬಿಲ್ಲೆಯ ಪಿಕಪ್, ಪ್ರಿಆಂಪ್ ಡಬ್ಬಿ, ರಬ್ಬರ್ ಮುಚ್ಚಳ, ಗಟ್ಟಿಮುಟ್ಟಾದ ಕೇಬಲ್ಲು ಇವನ್ನು ತಾರಿಹಾಳ, ಬೇಲೂರು ಕೈಗಾರಿಕಾ ಪ್ರದೇಶಗಳ ಘಟಕಗಳಲ್ಲಿ, ಅಷ್ಟೇಕೆ ತಾಲೂಕು ಸ್ಥಳದ ರೇಡಿಯೊ ದುರಸ್ತಿ ಅಂಗಡಿಯಲ್ಲಿಯೂ ತಯಾರಿಸಬಹುದು. ಪ್ರಿಆಂಪಿಗೆ ಬೇಕಾದುದು ಟಿಎಲ್072 ಮಾದರಿಯ ಒಂದು ಐಸಿ, 10 ಮೆಗಾಓಮ್‌ನ ಒಂದು ಪ್ರತಿರೋಧಕ, ಕೆಲವು ಕೆಪಾಸಿಟರುಗಳು, 9 ವೋಲ್ಟಿನ ಬ್ಯಾಟರಿ. ಇವೆಲ್ಲವೂ ಸುಲಭವಾಗಿ ಸಿಗುವ ಬಿಡಿಭಾಗಗಳು.

ಗುಣಮಟ್ಟದಲ್ಲಿ ಎರಡು ಅಂಶಗಳಿಗೆ ಮಾತ್ರ ರಾಜಿಯಾಗಬಾರದು. ಬಿಲ್ಲೆಯಿಂದ ಹೊರಡುವ ತಂತಿ ಜಾಲರಿಯ ಹೊದಿಕೆಯುಳ್ಳ ಶೀಲ್ಡೆಡ್ ತಂತಿಯೇ ಆಗಿರಬೇಕು. ಎರಡು ಬಿಡಿ ತಂತಿಗಳನ್ನು ಬೆಸೆದು ಬಿಟ್ಟರೆ ಗುಂಯ್ಕಾರ ನಿಶ್ಚಿತ. ಪ್ರಿಆಂಪ್ ಡಬ್ಬಿ ಲೋಹದ್ದಾಗಿರಬೇಕು, ಪ್ಲಾಸ್ಟಿಕಿನದಲ್ಲ. ಬಿಲ್ಲೆಗೆ ಬೆಸುಗೆ ಹಾಕುವಾಗ ಕಾವು ಹೆಚ್ಚಾದರೆ ಅದರ ಬೆಳ್ಳಿಯ ಲೇಪ ಎದ್ದುಬರುತ್ತದೆ. ಆದುದರಿಂದ ಕೆಲಸ ಚುರುಕಾಗಿ ಮುಗಿಯಬೇಕು. ಬೆಸೆದ ಜಾಗದ ಮೇಲೆ ಎಪಾಕ್ಸಿಯ ಹನಿ ಹಾಕಿದರೆ ತಂತಿ ಕಿತ್ತುಬರುವುದಿಲ್ಲ.

ಕಲಘಟಗಿಯ ಬಡಿಗರು ಮರದ ಕೆಲಸದಲ್ಲಿ ತಲೆಮಾರುಗಳಿಂದ ನುರಿತವರು. ಸ್ಯಾಡಲ್ ಸಮತಟ್ಟು ಮಾಡುವುದು, ಬ್ರಿಡ್ಜ್ ಮರಳಿ ಅಂಟಿಸುವುದು, ಬಿರುಕು ಮುಚ್ಚುವುದು ಮುಂತಾದ ಸೂಕ್ಷ್ಮ ಕೆಲಸಗಳಿಗೆ ವಾದ್ಯದ ಅಂಗಡಿಯವರು ಇಂಥ ಕೈಕಸಬಿನವರೊಡನೆ ಒಪ್ಪಂದ ಮಾಡಿಕೊಂಡರೆ ಇಬ್ಬರಿಗೂ ಲಾಭವಿದೆ. ಇಂಥ ಕೆಲಸಕ್ಕಾಗಿ ವಾದ್ಯವನ್ನು ದೂರದ ನಗರಕ್ಕೆ ಕಳುಹಿಸಿ ದಿನಗಟ್ಟಲೆ ಕಾಯುವ ತಾಪತ್ರಯವೂ ಗ್ರಾಹಕನಿಗೆ ತಪ್ಪುತ್ತದೆ.

ಒಟ್ಟಿನಲ್ಲಿ, ಪಿಕಪ್ ಕೇಳಿಬಂದ ಗ್ರಾಹಕನನ್ನು ಬೆಲೆ ಎಷ್ಟರದು ಬೇಕೆಂದು ಕೇಳುವ ಮುನ್ನ ನಾಲ್ಕು ಪ್ರಶ್ನೆಗಳನ್ನು ಕೇಳಬೇಕು: ತಂತಿ ಯಾವುದು, ವೇದಿಕೆ ಎಂಥದು, ಯಾವುದಕ್ಕೆ ಜೋಡಿಸುತ್ತೀರಿ, ಅರ್ಥಿಂಗ್ ಇದೆಯೇ. ಈ ನಾಲ್ಕಕ್ಕೆ ಉತ್ತರ ದೊರೆತ ಮೇಲೆ ಬೆಲೆಯ ಮಾತು ಸುಲಭ. ಹೀಗೆ ವಿಚಾರಿಸಿ ಮಾರಿದ ಸರಕು ಹಿಂದಿರುಗಿ ಬರುವುದು ವಿರಳ.